ತೊಡೆಸಂದಿನ ಕುರುವೂ ನಮ್ಮ ಸಂಕೋಚವೂ
(ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾಡುನುಡಿಗಳ ಮಾತು ನಡೆಯುವ ಈ ವೇದಿಕೆಯಲ್ಲಿ ಕುರುವಿನ ವಿಷಯವನ್ನೆತ್ತುವುದು ಕೆಲವರಿಗೆ ಅನುಚಿತವೆಂದು ತೋರಬಹುದು. ಆದರೆ ಹೇಳಿಕೊಳ್ಳಲು ನಾಚಿ, ನೋವನ್ನು ಮುಚ್ಚಿಟ್ಟು, ವ್ಯಾಧಿಯನ್ನು ಬೆಳೆಸಿಕೊಳ್ಳುವವರು ನಮ್ಮ ಮನೆಗಳಲ್ಲಿಯೇ ಇರುವುದರಿಂದ ನಾವು ಈ ಮಾತನ್ನು ಆಡಲೇಬೇಕಾಗಿದೆ.

ಕುರು ಎಂದರೇನು? ಅನೇಕರ ಚರ್ಮದ ಮೇಲೆಯೂ ಮೂಗಿನ ಹೊಳ್ಳೆಗಳಲ್ಲಿಯೂ ಸ್ಟ್ಯಾಫಿಲೋಕಾಕಸ್ ಎಂಬ ಸೂಕ್ಷ್ಮಾಣುಗಳು ವಾಸಿಸುತ್ತವೆ. ಬೆವರು, ಬಿಗಿಯುಡುಪಿನ ಉಜ್ಜಾಟ, ಕ್ಷೌರದ ಗೀರು ಇವುಗಳಿಂದ ಚರ್ಮ ತರಚಿದಾಗ ಅವು ಕೂದಲ ಬುಡವನ್ನು ಹೊಕ್ಕು ಕೀವನ್ನುಂಟುಮಾಡುತ್ತವೆ. ಫ್ರಾನ್ಸಿನ ಪಾಶ್ಚರನು 1880ರಲ್ಲಿಯೇ ಕುರುವಿನ ಕೀವಿನಲ್ಲಿ ಇಂತಹ ಅಣುಜೀವಿಗಳನ್ನು ಕಂಡಿದ್ದನು. ನಮ್ಮ ಕೃಷ್ಣಗಿರಿ ಸೀಮೆಯಲ್ಲಿ ಮಾವಿನ ಕಾಲದಲ್ಲಿ ಕುರುವೆದ್ದರೆ ಹಣ್ಣಿನ ಉಷ್ಣವೆಂದು ದೂರುವುದು ವಾಡಿಕೆ. ಹಣ್ಣಿಗಿಂತ ಆ ಕಾಲದ ಸೆಕೆ ಬೆವರುಗಳನ್ನೇ ದೂರತಕ್ಕದ್ದು. ಹೊಸೂರಿನ ಕಾರ್ಖಾನೆಗಳಲ್ಲಿ ದಿನವಿಡೀ ದುಡಿಯುವ ತರುಣರು ಮನೆಗೆ ಬಂದೊಡನೆ ಮಿಂದು, ಮೈಯೊರೆಸಿ, ಸಡಿಲವಾದ ಹತ್ತಿಯ ಬಟ್ಟೆ ತೊಡುವುದು ಲೇಸು.

ಚಿಕ್ಕ ಕುರುವಿಗೆ ಮನೆಯ ಉಪಚಾರ ಸಾಕು. ಶುಭ್ರವಾದ ಬಟ್ಟೆಯನ್ನು ಹದವಾದ ಬಿಸಿನೀರಿನಲ್ಲಿ ಅದ್ದಿ ಹಿಂಡಿ, ದಿನಕ್ಕೆ ಮೂರು ನಾಲ್ಕು ಸಲ, ಪ್ರತಿ ಸಲವೂ 10 ನಿಮಿಷ ಕಾವು ಕೊಡಬೇಕು. ಕುರು ತಾನಾಗಿ ಹಣ್ಣಾಗಿ ಒಡೆದರೆ ಕೀವನ್ನೊರೆಸಿ, ಶುಭ್ರ ಬಟ್ಟೆಯಿಂದ ಮುಚ್ಚಿ, ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ಟವೆಲು, ಒಳಉಡುಪು, ಬ್ಲೇಡುಗಳನ್ನು ಹಂಚಿಕೊಳ್ಳಬಾರದು. ಹಿಸುಕುವುದು, ಸೂಜಿಯಿಂದ ಚುಚ್ಚುವುದು ಸಲ್ಲದು, ಸೋಂಕು ಒಳಕ್ಕಿಳಿದೀತು. ಹಳ್ಳಿಗಳಲ್ಲಿ ಸುಣ್ಣಬೆಲ್ಲದ ಪಟ್ಟು ಹಾಕುವುದುಂಟು. ಆ ಕೋಮಲ ಭಾಗದಲ್ಲಿ ಸುಣ್ಣವು ಚರ್ಮವನ್ನು ಸುಟ್ಟು, ಗಾಯದ ಮೇಲೆ ಬರೆ ಎಳೆದಂತಾದೀತು.

ತೊಡೆಸಂದಿನ ಗಂಟೆಲ್ಲವೂ ಕುರುವಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನರು ನಡುಗಿದ್ದು ಇಂತಹ ಗೆಡ್ಡೆಗೇ. ಇಂದು ಆ ಭಯ ಬೇಡ. ಕಾಲಿನ ಹುಣ್ಣಿನಿಂದಲೂ ಅಲ್ಲಿಯ ಗ್ರಂಥಿ ಊದಬಹುದು. ಕೆಮ್ಮಿದಾಗ ಉಬ್ಬಿ, ಮಲಗಿದಾಗ ಇಳಿಯುವ ಗಂಟು ಹರ್ನಿಯಾ ಆಗಿರಬಹುದು. ಕುರುಗಳು ಮೇಲಿಂದ ಮೇಲೆ ಅದೇ ಎಡೆಯಲ್ಲಿಯೂ ಕಂಕುಳಲ್ಲಿಯೂ ಎದ್ದು ಕಲೆಗಟ್ಟಿದರೆ ಅದು ಹೈಡ್ರಾಡಿನೈಟಿಸ್ ಎಂಬ ದೀರ್ಘವ್ಯಾಧಿಯಿರಬಹುದು. ಅದು ಕೊಳಕಿನಿಂದ ಬರುವುದಲ್ಲ, ಒಬ್ಬರಿಂದೊಬ್ಬರಿಗೆ ಅಂಟುವುದೂ ಅಲ್ಲ. ಮಗಳನ್ನಾಗಲಿ ಸೊಸೆಯನ್ನಾಗಲಿ ಅದಕ್ಕಾಗಿ ಹೀಗಳೆಯುವುದು ಅನ್ಯಾಯ. ಪದೇಪದೇ ಕುರುವೇಳುವವರು ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು.

ಜ್ವರ ಬಂದರೆ, ಕೆಂಪು ಹರಡಿದರೆ, ಒಂದು ವಾರದಲ್ಲಿ ಕುಗ್ಗದಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಸಕ್ಕರೆ ಕಾಯಿಲೆಯವರೂ ಎಳೆಯ ಮಕ್ಕಳೂ ಅಷ್ಟು ದಿನ ಕಾಯಲಾಗದು. ನೋವು ತಡೆಯಲಾರದಂತಾದರೆ ಅಥವಾ ಚರ್ಮ ಕಪ್ಪಿಟ್ಟರೆ ಆ ಗಳಿಗೆಯಲ್ಲಿಯೇ ಆಸ್ಪತ್ರೆ ಸೇರಬೇಕು. ದೊಡ್ಡ ಕುರುವಿಗೆ ವೈದ್ಯರು ಆ ಭಾಗವನ್ನು ಮರಗಟ್ಟಿಸಿ, ಕೊಯ್ದು, ಕೀವು ತೆಗೆಯುವುದೇ ಮುಖ್ಯ ಚಿಕಿತ್ಸೆ. ಅಂಗಡಿಯಿಂದ ತಾವೇ ಮಾತ್ರೆ ತಂದು ನುಂಗುವುದರಿಂದ ಆ ಕೆಲಸವಾಗದು.

ಆಸ್ಪತ್ರೆಯಲ್ಲಿ ಭಾಷೆ ತೊಡಕಾದೀತೆಂದು ಹಿಂಜರಿಯುವ ತಾಯಂದಿರುಂಟು. ನಮ್ಮ ಕುರುವಿಗೆ ತಮಿಳಿನಲ್ಲಿ ‘ಕಟ್ಟಿ’, ಕೀವಿಗೆ ‘ಸೀಳ್’, ತೊಡೆಸಂದಿಗೆ ‘ತೊಡೈ ಇಡುಕ್ಕು’. ಈ ಮೂರು ಮಾತು ಸಾಕು. ಸಂಕೋಚವೆನಿಸಿದರೆ ಮಹಿಳಾ ವೈದ್ಯರನ್ನು ಕೇಳಬಹುದು.

ನುಡಿಯನ್ನು ಉಳಿಸಿಕೊಳ್ಳಲು ಸೇರಿರುವ ನಾವು, ಮೈಯ ನೋವನ್ನು ಆ ನುಡಿಯಲ್ಲಿ ಹೆತ್ತವರೊಡನೆ ನಿಸ್ಸಂಕೋಚವಾಗಿ ಹೇಳಿಕೊಳ್ಳುವುದನ್ನೂ ಮಕ್ಕಳಿಗೆ ಕಲಿಸೋಣ. ಇಷ್ಟೇ ನಮ್ಮ ವಿಜ್ಞಾಪನೆ.