ಕೀಡಿಗೆ ಎಣ್ಣೆ ರೂಢಿ ಆಗಿಲ್ಲ, ಲೆಕ್ಕ ಬೇರೆ ಇದೆ

ಇವತ್ತಿನ ವಿಷಯ ವಿಕಾಸವಾದ. ಹೆದರಬೇಡಿ, ಡೈನೋಸಾರ್ ಕಥೆ ಹೇಳಲ್ಲ. ಔರಾದ್, ಭಾಲ್ಕಿ ಕಡೆಯ ತೊಗರಿ ಹೊಲಕ್ಕೆ ಹೋಗೋಣ.

ತೊಗರಿ ಹೂವಿಗೆ ಬಂದಾಗ ಕಟ್ಟೆ ಮೇಲೆ ಒಂದು ಮಾತು ಕೇಳೇ ಕೇಳ್ತೀರಿ: "ಎಣ್ಣಿ ಹೊಡದ್ರೂ ಕೀಡಿ ಸಾಯವಲ್ದು, ಅದಕ್ಕ ರೂಢಿ ಆಗ್ಯಾದ." ಈ ಕೀಡಿ ಅಂದ್ರೆ ಕಾಯಿಕೊರಕ, ಹೆಲಿಕೋವರ್ಪಾ ಆರ್ಮಿಜೆರಾ. ಮಾತಿನ ಮೊದಲರ್ಧ ನಿಜ. ಎರಡನೇ ಅರ್ಧ ಸರಿಯಲ್ಲ. ನಮಗೆ ಖಾರ ರೂಢಿಯಾದ ಹಾಗೆ ಕೀಡಿಗೆ ವಿಷ ರೂಢಿಯಾಗಲ್ಲ. ಸಾಯೋ ಕೀಡಿ ಸಾಯುತ್ತೆ. ಬದಲಾಗೋದು ಒಂದು ಕೀಡಿ ಅಲ್ಲ, ಇಡೀ ಸಂತತಿ.

ನಾನು ಬಿ.ಕಾಂ. ಓದಿರೋದ್ರಿಂದ ಲೆಕ್ಕದಲ್ಲೇ ಹೇಳ್ತೀನಿ. ಹೊಲದಲ್ಲಿ 1 ಲಕ್ಷ ಕೀಡಿ ಇವೆ ಅಂದ್ಕೊಳ್ಳಿ. ಅದರಲ್ಲಿ 100ಕ್ಕೆ ಮಾತ್ರ ಹುಟ್ಟಿನಿಂದಲೇ ವಿಷ ಅರಗಿಸೋ ಶಕ್ತಿ ಇದೆ. ಎಣ್ಣೆ ಹೊಡೆದ್ರಿ. ಉಳಿದವುಗಳಲ್ಲಿ ನೂರಕ್ಕೆ 99 ಸತ್ತವು. ಈಗ ಹೊಲದಲ್ಲಿ ಇರೋದು ಸುಮಾರು 1,000 ಸಾಧಾರಣ ಕೀಡಿ, 100 ಗಟ್ಟಿ ಕೀಡಿ. ಸಾವಿರಕ್ಕೆ ಒಂದಿದ್ದದ್ದು ಹನ್ನೊಂದಕ್ಕೆ ಒಂದಾಯ್ತು. ಎಲ್ಲವೂ ನೂರು ಪಟ್ಟು ಬೆಳೆದು, ನೀವು ಮತ್ತೆ ಅದೇ ಎಣ್ಣೆ ಹೊಡೆದ್ರೆ ಉಳಿಯೋದು ಸಾವಿರ ಸಾಧಾರಣ, ಹತ್ತು ಸಾವಿರ ಗಟ್ಟಿ. ಚಕ್ರಬಡ್ಡಿಗಿಂತ ಜೋರು! ನಿಜವಾದ ಹೊಲದಲ್ಲಿ ಗಟ್ಟಿ ಪತಂಗಗಳು ಸಾಧಾರಣ ಪತಂಗಗಳ ಜೊತೆ ಕೂಡೋದ್ರಿಂದ ವೇಗ ಕಡಿಮೆ ಇರುತ್ತೆ, ದಿಕ್ಕು ಮಾತ್ರ ಅದೇ. ಇದೇ ನೈಸರ್ಗಿಕ ಆಯ್ಕೆ.

ಆ 100 ಗಟ್ಟಿ ಕೀಡಿ ಎಲ್ಲಿಂದ ಬಂದವು? ಜೀನ್‌ಗಳ ನಕಲಿನಲ್ಲಾಗೋ ಏರುಪೇರಿನಿಂದ. 2012ರಲ್ಲಿ ವಿಜ್ಞಾನಿಗಳು ತೋರಿಸಿದ್ದು ಇದನ್ನೇ: ಇದೇ ಹುಳದಲ್ಲಿ ಅಕ್ಕಪಕ್ಕದ ಎರಡು ಜೀನ್‌ಗಳ ತುಂಡು ಕೂಡಿ ಹೊಸದೊಂದು ಜೀನ್ ಆಗಿತ್ತು. ಪೈರೆಥ್ರಾಯ್ಡ್ ಗುಂಪಿನ ಫೆನ್ವಲರೇಟ್ ವಿಷವನ್ನು ಒಡೆಯೋ ಶಕ್ತಿ ಅದರಿಂದ ಬಂದಿತ್ತು. ವಿಷ ಬರ್ತದೆ ಅಂತ ಹುಳ ಯೋಚಿಸಿ ಮಾಡಿದ್ದಲ್ಲ. ಆಕಸ್ಮಿಕವಾಗಿ ಆಯ್ತು, ವಿಷ ಅದನ್ನು ಆರಿಸಿತು.

ನಮ್ಮ ದೇಶದಲ್ಲಿ ಪೈರೆಥ್ರಾಯ್ಡ್‌ಗೆ ಜಗ್ಗದ ಕಾಯಿಕೊರಕ 1980ರ ದಶಕದ ಕೊನೆಗೇ ಆಂಧ್ರದ ಹತ್ತಿ ಹೊಲಗಳಲ್ಲಿ ಕಂಡಿತ್ತು. 1997–98ರಲ್ಲಿ ನಮ್ಮ ಭಾಗದ ತೊಗರಿ ಕೈಕೊಟ್ಟಿತು. ಬೀದರ್ ಜಿಲ್ಲೆಯಲ್ಲಿ ರೈತರು ಆತ್ಮಹತ್ಯೆ ಮಾಡಿಕೊಂಡರು. ಎ.ಆರ್. ವಾಸವಿ ಅವರು 1999ರಲ್ಲಿ ಅದರ ಬಗ್ಗೆ ಬರೆದಿದ್ದಾರೆ. ಮಳೆ, ಸಾಲ, ಮಾರುಕಟ್ಟೆ, ಸರ್ಕಾರ, ಎಲ್ಲದರ ಪಾಲೂ ಅದರಲ್ಲಿತ್ತು. ಆದರೆ ಸಾಲ ಮಾಡಿ ತಂದ ಎಣ್ಣೆಗೂ ಹುಳ ಸಾಯಲ್ಲ ಅಂದ್ರೆ ಏನು ಅನ್ನೋದು ಹೊಲ ಇದ್ದವರಿಗೆ ಗೊತ್ತು.

ಹಾಗಾದ್ರೆ ಇದು ಹೊಸ ಪ್ರಭೇದವಾ? ಇಲ್ಲ. ಈ ಪತಂಗ ದೂರ ಹಾರುತ್ತೆ. ಭಾಲ್ಕಿಯದು ಲಾತೂರಿನದರ ಜೊತೆ ಕೂಡುತ್ತೆ, ಜೀನ್ ಬೆರೀತಾನೇ ಇರ್ತವೆ. ಹೊಸ ಪ್ರಭೇದ ಹುಟ್ಟೋಕೆ ಸಾಮಾನ್ಯವಾಗಿ ಈ ಬೆರಕೆ ನಿಲ್ಲಬೇಕು. ಸುಮಾರು 15 ಲಕ್ಷ ವರ್ಷದ ಹಿಂದೆ ಇದರ ಬಳಗದ ಕೆಲವು ಅಮೆರಿಕ ಖಂಡ ಸೇರಿ ಬೇರೆಯಾದವು. ಅದೇ ಹೆಲಿಕೋವರ್ಪಾ ಜಿಯಾ, ಅಲ್ಲಿನ ಮೆಕ್ಕೆಜೋಳದ ಹುಳ. 2013ರಲ್ಲಿ ನಮ್ಮ ಆರ್ಮಿಜೆರಾ ಬ್ರೆಜಿಲ್‌ನಲ್ಲಿ ಪತ್ತೆಯಾಯ್ತು. ಅಲ್ಲಿ ಎರಡೂ ಕೂಡಿದವು, ಆ ವಿಷ ಒಡೆಯೋ ಜೀನ್ ಅಮೆರಿಕದ ಹುಳಕ್ಕೂ ದಾಟಿತು. ಪ್ರಭೇದಗಳ ನಡುವಿನ ಗೋಡೆಯಲ್ಲೂ ಕಿಂಡಿ ಇದೆ ಅಂದಂಗಾಯ್ತು.

ಈಗ ನಮ್ಮ ಕೆಲಸ. ಮನೆಯವರ ಪರವಾಗಿ ಬೀದರಿನ ಗಾಂಧಿ ಗಂಜ್‌ಗೋ ಔಷಧ ಅಂಗಡಿಗೋ ಹೋಗೋರು ನೀವೇ. ಹಳೇ ಬಾಟಲಿಯ ಫೋಟೊ ತೆಗೆದಿಟ್ಕೊಳ್ಳಿ. ದೊಡ್ಡ ಅಕ್ಷರದ ಬ್ರ್ಯಾಂಡ್ ಬಿಡಿ, ಸಣ್ಣ ಅಕ್ಷರದ ರಾಸಾಯನಿಕದ ಹೆಸರು ಓದಿ. ಬ್ರ್ಯಾಂಡ್ ಬದಲಾಗಿ ಒಳಗಿನ ವಿಷ ಅದೇ ಇದ್ರೆ, ನೀವು ಗಟ್ಟಿ ಕೀಡಿಯನ್ನೇ ಸಾಕ್ತಿದ್ದೀರಿ. ಬೇರೆ ಗುಂಪಿನದು ಯಾವುದು ಅಂತ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ. ಮೋಹಕ ಬಲೆ, ಬೇವಿನ ಬೀಜದ ಕಷಾಯ, ಹಕ್ಕಿ ಕೂರೋ ಗೂಟ, ಗಿಡದ ಕೆಳಗೆ ತಾಡಪತ್ರಿ ಹಾಸಿ ಅಲುಗಾಡಿಸಿ ಕೀಡಿ ಬೀಳಿಸೋದು, ಇವನ್ನೂ ಬಿಡಬೇಡಿ. ಸಾವು ಒಂದೇ ದಾರಿಯಿಂದ ಬರದಿದ್ರೆ, ಒಂದೇ ಜೀನ್ ಕೀಡಿಯನ್ನು ಕಾಪಾಡಲ್ಲ.

ನಿಮ್ಮೂರಲ್ಲಿ ಯಾವ ಎಣ್ಣೆ ಕೆಲಸ ನಿಲ್ಲಿಸಿದೆ, ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.