ಕೂಲಿ ಕೇಳದವರ ತಕರಾರು

ಊರವರೆಲ್ಲ ಸೇರಿ ಕೂಲಿಯಿಲ್ಲದೆ ಕೆರೆಯ ಹೂಳೆತ್ತಿದರು ಅಂದುಕೊಳ್ಳಿ. ನೀರು ತುಂಬಿದ ಮೇಲೆ, ಜಾಗದ ಪಹಣಿ ಯಾರ ಹೆಸರಿನಲ್ಲಿದೆಯೋ ಅವರು 'ಕೊಡಕ್ಕಿಷ್ಟು ಎಂದು ದರ ಇಡೋಣವೇ' ಅಂದರೆ ಹೂಳು ಹೊತ್ತವರಿಗೆ ಹೇಗಾದೀತು? 2002ರಲ್ಲಿ ವಿಕಿಪೀಡಿಯದ ಸ್ಪ್ಯಾನಿಷ್ ಬರಹಗಾರರಿಗೆ ಆದದ್ದು ಹಾಗೆಯೇ.

ವಿಕಿಪೀಡಿಯ ಶುರುವಾದದ್ದು 2001ರ ಜನವರಿಯಲ್ಲಿ. ಬರೆಯುವವರಿಗೆ ಸಂಬಳವಿಲ್ಲ. ಖರ್ಚು ನೋಡಿಕೊಳ್ಳುತ್ತಿದ್ದದ್ದು ಜಿಮ್ಮಿ ವೇಲ್ಸ್ ಅವರ ಬೋಮಿಸ್ ಎಂಬ ಖಾಸಗಿ ಕಂಪನಿ. ಜಾಲದ ವಿಳಾಸವೂ ಆಗ ಡಾಟ್ ಕಾಮ್. ಅಮೆರಿಕದ ಇಂಟರ್ನೆಟ್ ಕಂಪನಿಗಳು ಒಂದೊಂದಾಗಿ ಕುಸಿಯುತ್ತಿದ್ದ ಹೊತ್ತು ಅದು. ಕೆಲಸದ ಮೇಲ್ವಿಚಾರಣೆ ಹೊತ್ತಿದ್ದ ಲ್ಯಾರಿ ಸ್ಯಾಂಗರ್ ಅವರ ಸಂಬಳಕ್ಕೆ ದುಡ್ಡಿರಲಿಲ್ಲ. ಕಂಪನಿ ವಿಕಿಪೀಡಿಯದ ಪುಟಗಳಲ್ಲಿ ಜಾಹೀರಾತು ಹಾಕಬಹುದು ಎಂಬ ಮಾತು ಅವರಿಂದ ಬಂತು. ಸ್ಪ್ಯಾನಿಷ್ ಬರಹಗಾರರು ಮುನಿದರು.

ಇನ್ನೂ ತೀರ್ಮಾನವಾಗದ ಮಾತಿಗೆ ಇಷ್ಟು ಮುನಿಸೇಕೆ ಎಂದು ನೀವು ಕೇಳಬಹುದು. ಆ ಮುನಿಸು ನ್ಯಾಯವಾದದ್ದೆಂದೇ ನನ್ನ ಎಣಿಕೆ. ಸಂಬಳಕ್ಕೆ ದುಡಿಯುವವನು ಧಣಿಯ ಮನಸ್ಸು ಬದಲಾದರೂ ತಿಂಗಳ ಕೊನೆಗೆ ತನ್ನ ಪಾಲು ಪಡೆಯುತ್ತಾನೆ. ರಾತ್ರಿ ಊಟವಾದ ಮೇಲೆ ಕೂತು ಯಾವುದೋ ನದಿಯ ಬಗ್ಗೆ, ಯಾವುದೋ ಕವಿಯ ಬಗ್ಗೆ ಬರೆದುಕೊಟ್ಟವನಿಗೆ 'ಇದು ಎಲ್ಲರದು' ಎಂಬ ನಂಬಿಕೆಯೇ ಸಂಬಳ. ಅದನ್ನು ಅವನನ್ನು ಕೇಳದೆ ಕಡಿತ ಮಾಡುವಂತಿಲ್ಲ.

2002ರ ಫೆಬ್ರವರಿ ಕೊನೆಗೆ ಆ ಸ್ಪ್ಯಾನಿಷ್ ಬರಹಗಾರರಲ್ಲಿ ಹಲವರು ಹೊರಟೇಹೋದರು. ಸೆವಿಲ್ ವಿಶ್ವವಿದ್ಯಾಲಯ ಜಾಗ ಕೊಟ್ಟಿತು; 'ಎನ್ಸಿಕ್ಲೊಪೀಡಿಯಾ ಲಿಬ್ರೆ' ಎಂಬ ಬೇರೆ ವಿಶ್ವಕೋಶ ಹುಟ್ಟಿತು. ಹೋಗುವಾಗ ಅದುವರೆಗಿನ ಲೇಖನಗಳನ್ನೂ ಜೊತೆಗೆ ಒಯ್ದರು. ಇದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ವಿಕಿಪೀಡಿಯದ ಬರಹ ಮುಕ್ತ ಪರವಾನಗಿಯಲ್ಲಿದೆ: ಬರೆದವರನ್ನು ನೆನೆದು, ಅದೇ ಷರತ್ತಿಗೆ ಒಪ್ಪಿ, ಯಾರು ಬೇಕಾದರೂ ನಕಲು ಮಾಡಬಹುದು, ತಿದ್ದಬಹುದು, ಬೇರೆಡೆ ಬೆಳೆಸಬಹುದು. ಪಾಲಾದ ಮನೆಯಲ್ಲಿ ಪಾತ್ರೆ ಹಂಚಿಹೋಗುತ್ತದೆ. ಇಲ್ಲಿ ಇಬ್ಬರ ಕೈಯಲ್ಲೂ ಪೂರ್ತಿ ಪಾತ್ರೆಯೇ ಉಳಿಯಿತು. ಹಂಚಿಹೋದದ್ದು ಕೈಗಳು. ಸ್ಪ್ಯಾನಿಷ್ ವಿಕಿಪೀಡಿಯ ವರ್ಷಕ್ಕೂ ಮೇಲ್ಪಟ್ಟು ಸೊರಗಿತು, ಎರಡು ಮನೆಗಳು ಮತ್ತೆ ಒಂದಾಗಲೇ ಇಲ್ಲ. ಅದನ್ನು ನೆನೆದರೆ ಇಂದಿಗೂ ಬೇಸರವಾಗುತ್ತದೆ. ಮಾತು ಆಡುವ ಮುಂಚೆ ಒಂದು ಸಲ ಕೂಡಿಸಿ ಕೇಳಿದ್ದರೆ?

ಜಾಹೀರಾತು ಬರಲೇ ಇಲ್ಲ. ಅದೇ ವರ್ಷ ವಿಳಾಸ ಡಾಟ್ ಆರ್ಗ್ ಆಯಿತು. 2003ರ ಜೂನ್‌ನಲ್ಲಿ ವಿಶ್ವಕೋಶವನ್ನು ಕಂಪನಿಯಿಂದ ಬಿಡಿಸಿ, ಲಾಭದ ಉದ್ದೇಶವಿಲ್ಲದ ವಿಕಿಮೀಡಿಯ ಫೌಂಡೇಶನ್ ಕಟ್ಟಿದರು. ಕನ್ನಡ ವಿಕಿಪೀಡಿಯ ಶುರುವಾದದ್ದೂ ಅದೇ ಜೂನ್‌ನಲ್ಲಿ. ಅದರ ಯಾವ ಪುಟ ತೆರೆದರೂ ಇವತ್ತಿಗೂ ಜಾಹೀರಾತಿಲ್ಲ.