ಕೊಟ್ಟಿಗೆಯ ಯೆಜ್ಡಿ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾಗಿ 1983ರಲ್ಲಿ ನನ್ನ ಪಾಲಿಗೆ ಬಂದ ಯೆಜ್ಡಿ, ಮೂಡಿಗೆರೆಯ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಉಳಿದುಕೊಂಡಿತು. ಕಳೆದ ಮಳೆಗಾಲದಲ್ಲಿ ತಮ್ಮನ ಮಗ ಅದನ್ನು ಬಿಚ್ಚಿ, ತನ್ನ ಮನಸ್ಸಿಗೆ ಒಪ್ಪುವಂತೆ ಮಾರ್ಪಡಿಸಲು ಕುಳಿತ.

ಮಂಜಿನಲ್ಲಿ ಮಂಕಾಗುತ್ತಿದ್ದ 6 ವೋಲ್ಟಿನ ದೀಪವನ್ನು 12ಕ್ಕೆ ಏರಿಸಿದ್ದು ನನಗೂ ಸಮ್ಮತವೇ. ಸೈಲೆನ್ಸರ್ ಕತ್ತರಿಸಲು ಮಾತ್ರ ಬಿಡಲಿಲ್ಲ. ಟೂ-ಸ್ಟ್ರೋಕ್ ಇಂಜಿನ್ನಿನಲ್ಲಿ ಹೊಗೆಯ ಜೊತೆಗೆ ಹೊರನುಸುಳುವ ಹೊಸ ಮಿಶ್ರಣವನ್ನು ಆ ಕೊಳವೆಯ ಒತ್ತಡವೇ ತಡೆಯುತ್ತದೆ. ಅದನ್ನು ಮೊಟಕುಗೊಳಿಸಿದರೆ ಸದ್ದು ಹೆಚ್ಚೀತು, ಕಳಸದ ಏರಿನಲ್ಲಿ ಬಲ ಕುಗ್ಗೀತು. ಕಾಯಿದೆಯೂ ಒಪ್ಪದು.

ಆಮೇಲೆ ಉದ್ದನೆಯ ಸೀಟನ್ನು ಬಿಚ್ಚಿ, ಒಬ್ಬರಿಗಷ್ಟೆ ಸಾಲುವಂತೆ ಕೊಯ್ಯಲು ಹೊರಟ. ನಾನು ಏನೂ ಹೇಳಲಿಲ್ಲ. ಅದರ ಹಿಂಬದಿಯಲ್ಲಿ ಕುಳಿತು ನನ್ನಾಕೆ ಕಳಸೇಶ್ವರನ ದರ್ಶನಕ್ಕೆ ಬರುತ್ತಿದ್ದಳು. ಆಕೆ ತೀರಿಕೊಂಡು ಆರು ವರ್ಷ.

“ದೊಡ್ಡಪ್ಪ, ಇದು ಹೀಗೇ ಇರಲಿ” ಎಂದು ಅವನೇ ಬೋಲ್ಟುಗಳನ್ನು ಮತ್ತೆ ಬಿಗಿದ.